ಅಪ್‌ಡೇಟ್: ಅಮ್ಮನ ದವಡೆ ಹಲ್ಲಿಗೆ ಕೊನೆಗೆ ಏನು ಮಾಡಿಸಿದೆವು

ಐದು ತಿಂಗಳ ಹಿಂದೆ ಕೇಳಿದ್ದೆ: ಅಮ್ಮನಿಗೆ ಕೆಳಗಡೆ ಎಡಕ್ಕೆ ಕೊನೆಯ ಎರಡು ದವಡೆ ಹಲ್ಲು ಇಲ್ಲ, ಶುಗರ್ ಬೇರೆ ಇದೆ, ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸೋ ಕಟ್ಟಿದ ಹಲ್ಲು) ಹಾಕಿಸೋದಾ, ಇಂಪ್ಲಾಂಟಾ (ದವಡೆ ಮೂಳೆಗೆ ಸ್ಕ್ರೂ ಹಾಕಿ ಅದರ ಮೇಲೆ ಕೂರಿಸೋ ಹಲ್ಲು), ತೆಗೆದು ಹಾಕೋ ಹಲ್ಲು ಸೆಟ್ಟಾ ಅಂತ.

ಬ್ರಿಡ್ಜ್ ಆಗಲಿಲ್ಲ. ಅದಕ್ಕೆ ಸಾಮಾನ್ಯವಾಗಿ ಎರಡೂ ಕಡೆ ಆಸರೆಗೆ ಹಲ್ಲು ಬೇಕು. ಅಮ್ಮನಿಗೆ ಹಿಂದುಗಡೆ ಹಲ್ಲೇ ಇಲ್ವಲ್ಲ! ಮೊದಲು ಹೋದ ಕ್ಲಿನಿಕ್‌ನಲ್ಲಿ ಇದನ್ನು ಹೇಳದೆ ನೇರ ರೇಟು ಹೇಳಿದ್ದರು.

ಸೆಟ್ ಮಾಡಿಸಿದೆವು. "ಬಾಯಲ್ಲಿ ಕಲ್ಲು ಇಟ್ಕೊಂಡ ಹಾಗಿದೆ ಕಣೋ" ಅಂತ ಅಮ್ಮ ಒಂದೇ ವಾರಕ್ಕೆ ತೆಗೆದಿಟ್ಟರು. ಒಣಗಬಾರದು ಅಂತ ಸ್ಟೀಲ್ ಲೋಟದ ನೀರಲ್ಲಿ ಇಟ್ಟಿದ್ದರು. ಒಂದು ಬೆಳಿಗ್ಗೆ ಅಪ್ಪ ಆ ಲೋಟ ಎತ್ತಿ ಕುಡಿಯೋದೊಂದು ಬಾಕಿ.

ಎರಡನೇ ಡಾಕ್ಟರು ಮೊದಲು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಕೇಳಿದರು. 9.2 ಇತ್ತು. ಶುಗರ್ ಹತೋಟಿಗೆ ಬರದೆ ಇಂಪ್ಲಾಂಟ್ ಬೇಡ, ಗಾಯ ಮಾಯೋದು ನಿಧಾನ, ಸೋಂಕಿನ ಭಯ ಜಾಸ್ತಿ ಅಂದರು. ಮೂರು ತಿಂಗಳು ಮಾತ್ರೆ, ವಾಕಿಂಗು. 7.1ಕ್ಕೆ ಇಳಿಯಿತು. ಸ್ಕ್ಯಾನ್ ಮಾಡಿ, ನರಕ್ಕೆ ತಾಗದಷ್ಟು ಮೂಳೆ ಇದೆ ಅಂತ ನೋಡಿಕೊಂಡು, ಕಳೆದ ತಿಂಗಳು ಎರಡು ಟೈಟಾನಿಯಂ ಸ್ಕ್ರೂ ಹಾಕಿದರು. ಮೂಳೆ ಅದನ್ನು ಗಟ್ಟಿಯಾಗಿ ಹಿಡಿಯೋಕೆ ಇನ್ನೂ ಎರಡು ತಿಂಗಳು, ಆಮೇಲೆ ಕ್ಯಾಪ್. ಸದ್ಯಕ್ಕೆ ಅಮ್ಮ ಕೋಡುಬಳೆಯನ್ನು ಕಾಫಿಯಲ್ಲಿ ಅದ್ದಿ ಬಲಗಡೆಯೇ ಅಗಿಯುತ್ತಿದ್ದಾರೆ.