ಜಿಂಕೆಯ ಎಳೆಗೊಂಬಿನ ಪ್ರೋಟೀನ್: ಜೆಲ್‌ನಲ್ಲಿ ಎರಡೇ ದಪ್ಪ ಪಟ್ಟಿ, ಉಳಿದದ್ದೆಲ್ಲ ಮಸಿ

ಜೆಲ್_ಜೋಳಿಗೆ:
ಮಾದರಿ: ನ್ಯೂಜಿಲೆಂಡ್ ಫಾರ್ಮಿನ ಕೆಂಪು ಜಿಂಕೆಯ ಎಳೆಗೊಂಬು (ಇನ್ನೂ ಬೆಳೆಯುತ್ತಿರುವ, ತೊಗಲು ಮುಚ್ಚಿದ ಕೊಂಬು), ಸುಮಾರು 60 ದಿನದ ಬೆಳವಣಿಗೆ. ತುದಿಯ 5 ಸೆಂ.ಮೀ. ತುಂಡನ್ನು ದ್ರವ ಸಾರಜನಕ ಹಾಕಿ ಒರಳಲ್ಲಿ ಪುಡಿ ಮಾಡಿದ್ದು. 100 ಮಿ.ಗ್ರಾಂ. ಪುಡಿಗೆ 1 ಮಿ.ಲೀ. ಬಫರ್ (7 ಮೋಲಾರ್ ಯೂರಿಯಾ, 2 ಮೋಲಾರ್ ಥಯೋಯೂರಿಯಾ, 4% ಚಾಪ್ಸ್ ಎಂಬ ಮಾರ್ಜಕ, ಪ್ರೋಟೀನ್‌ನ ಗಂಧಕ ಬಂಧ ಬಿಡಿಸುವ ಡಿಟಿಟಿ 65 ಮಿಲಿಮೋಲಾರ್). ಸೆಂಟ್ರಿಫ್ಯೂಜ್ ಆದಮೇಲೆ ತಿಳಿದ್ರವವನ್ನು 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ 12% ಜೆಲ್‌ಗೆ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಲೋಳೆ ಹಾಳೆ). 66 ಮತ್ತು 15 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ದಪ್ಪ ಪಟ್ಟಿ, ಮಾದರಿ ಹಾಕುವ ಬಾವಿಯಿಂದ ಕೆಳಗೆ ಮಸಿ ಎಳೆದ ಹಾಗೆ. ಒಟ್ಟು ಪ್ರೋಟೀನ್ ಎಷ್ಟೆಂದು ತಿಳಿಸುವ ಬಿಸಿಎ ಅಳತೆ ಪ್ರತಿಸಲ ಬೇರೆ. ಎಲ್ಲಿ ತಪ್ಪು?

ಪದರ_ಪದರ:
66 ಆಲ್ಬುಮಿನ್, 15ರ ಹತ್ತಿರದ್ದು ಹಿಮೋಗ್ಲೋಬಿನ್. ಅಂದರೆ ರಕ್ತ. ಮಾಮೂಲಿ ಮೃದ್ವಸ್ಥಿಯಲ್ಲಿ ರಕ್ತನಾಳ ಇರುವುದಿಲ್ಲ, ಎಳೆಗೊಂಬಿನದರಲ್ಲಿ ಉದ್ದಕ್ಕೂ ಇರುತ್ತವೆ. ಇಡೀ ತುಂಡನ್ನು ತೊಳೆದರೆ ಒಳಗಿನದು ಹೋಗದು. ಶೀತಲೀಕರಿಸುವ ಮುಂಚೆಯೇ 1 ಮಿ.ಮೀ. ಬಿಲ್ಲೆ ಮಾಡಿ, ಐಸ್‌ನಲ್ಲಿಟ್ಟ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಮೂರು ಸಲ ಅದ್ದಿ ತೆಗೆಯಿರಿ, ಪ್ರೋಟಿಯೇಸ್ ತಡೆಕ (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವಂಥದು) ಹಾಕಿಯೇ. ಹಾಗಂತ ಆಲ್ಬುಮಿನ್ ಪೂರ್ತಿ ಮಾಯವಾಗುವುದನ್ನು ಕಾಯಬೇಡಿ. ಅಂಗಾಂಶದ ದ್ರವದಲ್ಲೂ ಅದು ಇದೆ.

ಇದಕ್ಕಿಂತ ದೊಡ್ಡ ತಪ್ಪು, 5 ಸೆಂ.ಮೀ. ಒಟ್ಟಿಗೆ ಅರೆದದ್ದು. ತುಂಡನ್ನು ಮೊದಲು ಉದ್ದಕ್ಕೆ ಸೀಳಿ. ಮೇಲೆ ಮಖಮಲ್ಲಿನಂಥ ತೊಗಲು, ಅದರಡಿ ಮೀಸಲು ಮೀಸೆನ್‌ಕೈಮ್ (ಇನ್ನೂ ರೂಪ ಪಡೆಯದ ಕೋಶಗಳ ತೆಳು ಪದರ), ಆಮೇಲೆ ಮೃದ್ವಸ್ಥಿಯಾಗುವ ಮುಂಚಿನ ಪದರ, ಕೊನೆಗೆ ಮೃದ್ವಸ್ಥಿ. ಕೋಶಗಳು ಹೆಚ್ಚಾಗಿ ವಿಭಜಿಸುವುದು ಈ ಮೀಸೆನ್‌ಕೈಮ್ ಪದರದಲ್ಲೇ. ಕೆಳಗಿನ ಕೊಲಾಜನ್‌ ಜತೆ ಬೆರೆಸಿದಿರೋ, ಹುಡುಕುತ್ತಿದ್ದ ಪ್ರೋಟೀನ್ ಅದರ ರಾಶಿಯಲ್ಲಿ ಕರಗಿಹೋಗುತ್ತದೆ.

ಟ್ರಿಪ್ಸಿನ್ ತಿಮ್ಮ:
ಮಸಿಗೆ ಕಾರಣ ಎರಡು: ಡಿಎನ್‌ಎ, ಪ್ರೋಟಿಯೋಗ್ಲೈಕನ್ (ಉದ್ದುದ್ದ ಸಕ್ಕರೆ ಸರಪಳಿ ಹೊತ್ತ ಪ್ರೋಟೀನ್). ಡಿಎನ್‌ಎ ಕತ್ತರಿಸುವ ಬೆನ್‌ಝೋನೇಸ್ ಕಿಣ್ವ ಬಳಸುವುದಾದರೆ ಯೂರಿಯಾ ಹಾಕುವ ಮುಂಚೆ ಹಾಕಿ. ಪ್ರೋಟಿಯೋಗ್ಲೈಕನ್ ಪೂರ್ತಿ ಹೋಗದಿದ್ದರೂ ಮಾದರಿ ಶುದ್ಧವಾಗಲು ಒಂದು ದಾರಿ: ಅಸಿಟೋನ್‌ನಲ್ಲಿ 10% ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ), 20 ಮಿಲಿಮೋಲಾರ್ ಡಿಟಿಟಿ, ಪುಡಿಯನ್ನು ಮೈನಸ್ 20ರಲ್ಲಿ ರಾತ್ರಿಯಿಡೀ ಇಟ್ಟು, ಟಿಸಿಎ ಇಲ್ಲದ ತಣ್ಣನೆ ಅಸಿಟೋನ್‌ನಲ್ಲಿ ಎರಡು ಸಲ ತೊಳೆಯಿರಿ. ತಳದಲ್ಲಿ ಕೂತ ಪೆಲೆಟ್ ತೀರಾ ಒಣಗಿದರೆ ಮತ್ತೆ ಕರಗದು, ಅಸಿಟೋನ್ ವಾಸನೆ ಹೋಗುತ್ತಿದ್ದಂತೆ ಬಫರ್ ಹಾಕಿ.

95 ಡಿಗ್ರಿ ಬೇಡವೇ ಬೇಡ! ಯೂರಿಯಾ ಬಿಸಿಯಾದರೆ ಸೈಯನೇಟ್ ಹುಟ್ಟಿ ಲೈಸಿನ್‌ಗಳಿಗೆ ಅಂಟಿಕೊಳ್ಳುತ್ತದೆ. ಆ ಲೈಸಿನ್ ಬಳಿ ಟ್ರಿಪ್ಸಿನ್ (ಪ್ರೋಟೀನನ್ನು ತುಂಡರಿಸುವ ಕಿಣ್ವ) ಕತ್ತರಿಸುವುದಿಲ್ಲ. ಯೂರಿಯಾ ಇದ್ದಾಗ 37ರ ಮೇಲೆ ಹೋಗಬೇಡಿ.

ಬಿಸಿಎ ಡಿಟಿಟಿಗೂ ಥಯೋಯೂರಿಯಾಗೂ ಕೆಡುತ್ತದೆ. ಬಣ್ಣ ಬಳಸಿ ಅಳೆಯುವ ಬ್ರಾಡ್‌ಫರ್ಡ್ ವಿಧಾನ ವಾಸಿ, ಆದರೆ ಕೊಲಾಜನ್‌ ಪ್ರಮಾಣವನ್ನು ಕಡಿಮೆ ತೋರಿಸುತ್ತದೆ. ಜೆಲ್‌ನ ಬಣ್ಣ ನೋಡಿ ಸರಿಹೊಂದಿಸಿ. ಟ್ರಿಪ್ಸಿನ್‌ನಿಂದ ತುಂಡರಿಸುವ ಮುನ್ನ 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬನೇಟ್ ಸೇರಿಸಿ ಯೂರಿಯಾವನ್ನು 1 ಮೋಲಾರ್‌ಗೆ ಇಳಿಸಿ, ಟ್ರಿಪ್ಸಿನ್ ಪ್ರೋಟೀನ್‌ನ ಐವತ್ತರಲ್ಲೊಂದು ಪಾಲು. ತುಂಡುಗಳ ತೂಕದಿಂದ ಪ್ರೋಟೀನ್ ಗುರುತಿಸುವ ಮಾಸ್ ಸ್ಪೆಕ್ ಹುಡುಕಾಟದಲ್ಲಿ ಪ್ರೋಲಿನ್ ಹೈಡ್ರಾಕ್ಸಿಲೀಕರಣ ಟಿಕ್ ಮಾಡದಿದ್ದರೆ ಕೊಲಾಜನ್ ಪೆಪ್ಟೈಡ್ ಬಹಳಷ್ಟು ಸಿಗುವುದಿಲ್ಲ.

ಜೆಲ್_ಜೋಳಿಗೆ:
ಐಜಿಎಫ್-1 (ಬೆಳವಣಿಗೆಗೆ ಪ್ರಚೋದಿಸುವ ಸಣ್ಣ ಪ್ರೋಟೀನ್) ಕೂಡ ಬೇಕು. 10 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಸಾಂದ್ರೀಕರಿಸಬಹುದೇ? ಅಭ್ಯಾಸಕ್ಕೆ ಬಂಡೀಪುರದಲ್ಲಿ ಉದುರಿದ ಚುಕ್ಕೆ ಜಿಂಕೆ ಕೊಂಬು ಆಗುತ್ತದೆಯೇ?

ಪದರ_ಪದರ:
ಎರಡಕ್ಕೂ ಇಲ್ಲ. ಐಜಿಎಫ್-1 ಸುಮಾರು 7.6 ಕಿಲೋಡಾಲ್ಟನ್, ಫಿಲ್ಟರ್‌ನಿಂದ ಜಾರಿ ಕೆಳಗೆ ಹೋಗುತ್ತದೆ. ಬೇರೆ ಪುಡಿ ತೆಗೆದಿಟ್ಟು, 1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಹೊರತೆಗೆಯಿರಿ. ಆಮ್ಲದಲ್ಲೇ ಅದು ಬಂಧಕ ಪ್ರೋಟೀನ್‌ಗಳಿಂದ ಬಿಡಿಸಿಕೊಳ್ಳುವುದು. ಅವು ಉಳಿದರೆ ಎಲೈಸಾ (ಪ್ರತಿಕಾಯದಿಂದ ಅಳೆಯುವ ಪರೀಕ್ಷೆ) ಅಂಕಿ ಸುಳ್ಳು. ಉದುರಿದ ಕೊಂಬು ಸತ್ತ ಮೂಳೆ, ಬೆಳೆಯುವ ಪದರ ಅದರಲ್ಲಿಲ್ಲ. 1972ರ ವನ್ಯಜೀವಿ ಕಾಯ್ದೆ ಇರುವಾಗ ಕಾಡಿನಿಂದ ಅನುಮತಿಯಿಲ್ಲದೆ ಎತ್ತುವ ಹಾಗೂ ಇಲ್ಲ. ಅಭ್ಯಾಸಕ್ಕೆ ಮಟನ್ ಅಂಗಡಿಯ ಎಳೆಗುರಿಯ ಮೃದ್ವಸ್ಥಿ ಸಾಕು.