ರಸ್ತೆ ಬರಬೇಕಾದರೆ ಊರಲ್ಲಿ ಎಷ್ಟು ಜನ ಇರಬೇಕು?

ಪ್ರಶ್ನೆ: ನಮ್ಮೂರಲ್ಲಿ ಈಗ ಹತ್ತಿರಹತ್ತಿರ 600 ಜನ. ಡಾಂಬರು ಇಲ್ಲ, ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟಬೇಕು. ಜನಸಂಖ್ಯೆ ನೋಡಿಯೇ ರಸ್ತೆ ಕೊಡುತ್ತಾರಂತೆ, ನಿಜಾನಾ?

ಉತ್ತರ 1: ನಿಜ. 2000ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 500, ಗುಡ್ಡಗಾಡಿಗೆ 250 ಜನರ ಮಿತಿ ಇತ್ತು, ಅದೂ 2001ರ ಜನಗಣತಿ ಪ್ರಕಾರ. 2024ರಲ್ಲಿ ಒಪ್ಪಿಗೆ ಸಿಕ್ಕ ನಾಲ್ಕನೇ ಹಂತಕ್ಕೆ 2011ರ ಲೆಕ್ಕ. ಈಗಿನ ತಲೆ ಎಣಿಸಿ ಪ್ರಯೋಜನ ಇಲ್ಲ.

ಉತ್ತರ 2: ರಸ್ತೆ ಆದ ಮಾತ್ರಕ್ಕೆ ಬಸ್ಸು ಬರುವುದಿಲ್ಲ ಮಾರಾಯ್ರೇ. ಡಿಪೋಗೆ ಬೇರೆ ಅರ್ಜಿ ಕೊಡಬೇಕು. 2023ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ, ಸರಿ, ಆದರೆ ಬಸ್ಸೇ ಇಲ್ಲದ ಊರಿಗೆ ಏನು ಸಿಕ್ಕಿತು ಹೇಳಿ?

ಉತ್ತರ 3: ಸುಮ್ನೆ ಕೂರಬೇಡಿ, ಮೊದಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.