ಗಿಳಿ ಸಾಕಿದವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ: ಬೂದು ಗಿಳಿಯ ಫಿಟ್ಸ್ ಮತ್ತು ಇತರ ವಿಷಯಗಳು

ಸದಸ್ಯೆ, ಕಲಬುರಗಿ: ನಮಸ್ಕಾರ ಡಾಕ್ಟರ್ ಸಾಹೇಬರೇ. ನಮ್ಮ ಆಫ್ರಿಕನ್ ಗ್ರೇ, ಅಂದರೆ ಬೂದು ಗಿಳಿಗೆ ಆರು ವರ್ಷ. ಅತ್ತೆಯವರ ದನಿಯಲ್ಲಿ ನನ್ನನ್ನು ಕೂಗಿ ಕರೆಯುವಷ್ಟು ಜಾಣ ಹಕ್ಕಿ. ನಿನ್ನೆ ಸಂಜೆ ಕೋಲಿನಿಂದ ಕೆಳಗೆ ಬಿದ್ದು, ಕಾಲ್ಬೆರಳು ಬಿಗಿಯಾಗಿ ಮಡಚಿ, ರೆಕ್ಕೆ ಬಡಿಯುತ್ತ ಅರ್ಧ ನಿಮಿಷ ನಡುಗಿತು. ಆಮೇಲೆ ಏನೂ ಆಗದಂತೆ ಎದ್ದು ಕುಳಿತಿತು. ಅದು ಸೂರ್ಯಕಾಂತಿ ಬೀಜ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಬಿಸಿಲಿಗೆ ಹೆದರಿ ಒಳಕೋಣೆಯಲ್ಲಿ ಕೂಲರ್ ಹತ್ತಿರ ಇಟ್ಟಿದ್ದೇವೆ. ಬಾಯಿಗೆ ಎರಡು ಹನಿ ಬ್ರಾಂಡಿ ಹಾಕಬೇಕೆಂದು ಮೈದುನ ಹೇಳುತ್ತಿದ್ದಾನೆ.

ಪಶುವೈದ್ಯರು: ಬ್ರಾಂಡಿ ಬೇಡವೇ ಬೇಡ. ನಡುಗುವ ಹಕ್ಕಿಯ ಬಾಯಿಗೆ ಏನು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿಯುವ ಭಯವಿದೆ.

ನಿಮ್ಮ ವಿವರಣೆ ಓದಿದಾಗ ನನಗೆ ಮೊದಲು ಬರುವ ಅನುಮಾನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು ಎಂಬುದು. ಬೂದು ಗಿಳಿಗಳಿಗೆ ಈ ತೊಂದರೆ ಉಳಿದ ಗಿಳಿಗಳಿಗಿಂತ ಹೆಚ್ಚು. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಹೇರಳವಾಗಿದ್ದು ಕ್ಯಾಲ್ಸಿಯಂ ಅತ್ಯಲ್ಪ. ಮೈಮೇಲೆ ನೇರ ಬಿಸಿಲು ಬೀಳದಿದ್ದರೆ ವಿಟಮಿನ್ ಡಿ ತಯಾರಾಗುವುದಿಲ್ಲ, ಅದಿಲ್ಲದೆ ತಿಂದ ಅಲ್ಪ ಕ್ಯಾಲ್ಸಿಯಂ ಕೂಡ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಏಕೆಂದರೆ ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಆದರೂ ಸೀಸ ಅಥವಾ ಸತುವಿನ ವಿಷವೂ ಇದೇ ರೀತಿ ಕಾಣಿಸಿಕೊಳ್ಳುವುದರಿಂದ, ರಕ್ತಪರೀಕ್ಷೆ ಮತ್ತು ಎಕ್ಸ್‌ರೇ ಇಲ್ಲದೆ ನಾನು ಔಷಧ ಬರೆಯುವುದಿಲ್ಲ. ಪಂಜರದ ತಂತಿಗೆ ಸತುವಿನ ಲೇಪವಿದೆಯೇ, ಹಳೆಯ ಬಣ್ಣವನ್ನು ಅದು ಕಡಿಯುತ್ತದೆಯೇ ಎಂದು ನೋಡಿ ತಿಳಿಸಿ.

ಇಂದು ರಾತ್ರಿ ಎತ್ತರದ ಕೋಲುಗಳನ್ನು ತೆಗೆದು, ಪಂಜರದ ತಳಕ್ಕೆ ಮೆತ್ತನೆಯ ಬಟ್ಟೆ ಹಾಸಿ, ಗದ್ದಲವಿಲ್ಲದ ಮಬ್ಬು ಬೆಳಕಿನಲ್ಲಿಡಿ. ಬೆಳಿಗ್ಗೆ ಹುಮನಾಬಾದ್ ಮೇಲೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಿರಿ. ಹಕ್ಕಿಯ ರಕ್ತ ಪರೀಕ್ಷಿಸುವ ವ್ಯವಸ್ಥೆ ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಬೀಜವನ್ನು ಒಮ್ಮೆಲೇ ನಿಲ್ಲಿಸಬೇಡಿ, ಬೀಜಕ್ಕೆ ಅಂಟಿಕೊಂಡ ಗಿಳಿ ಹಸಿವಿನಿಂದ ಸತ್ತರೂ ಹೊಸದನ್ನು ಮುಟ್ಟದೇ ಇರಬಹುದು. ಚೇತರಿಸಿಕೊಂಡ ಮೇಲೆ ನುಗ್ಗೆಸೊಪ್ಪು, ಗಜ್ಜರಿ, ಪೆಲೆಟ್ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ) ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಪ್ರತಿದಿನ ಬೆಳಿಗ್ಗೆ ಅಡುಗೆಮನೆಯ ಗ್ರಾಮ್ ತಕ್ಕಡಿಯಲ್ಲಿ ತೂಕ ನೋಡಬೇಕು.

ಸದಸ್ಯ, ಶಹಾಬಾದ್: ಅಕ್ಕನವರೇ, ಅಷ್ಟು ದೂರ ಏಕೆ? ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಕ್ಯಾಲ್ಸಿಯಂ ಸಿಗುತ್ತದೆ ಎಂದು ಬಂದ ಸಂದೇಶವನ್ನು ಕೆಳಗೆ ಹಾಕಿದ್ದೇನೆ.

ಪಶುವೈದ್ಯರು: ಆ ಸಂದೇಶವನ್ನು ಈಗಲೇ ಅಳಿಸಿರಿ. ಸುಣ್ಣದ ನೀರು ಹಕ್ಕಿಯ ಬಾಯಿ, ಅನ್ನನಾಳಗಳನ್ನು ಸುಡುತ್ತದೆ. ಕಳುಹಿಸಿದವರು ಯಾರೆಂಬುದು ನನಗೆ ಬೇಕಿಲ್ಲ, ಇನ್ನೊಬ್ಬರಿಗೆ ಕಳುಹಿಸಬೇಡಿ.

ಸದಸ್ಯ, ಆಳಂದ: ನಮ್ಮ ಗಿಳಿ ಎದೆಯ ಪುಕ್ಕ ಕಿತ್ತುಕೊಳ್ಳುತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಬಹುದೇ?

ಪಶುವೈದ್ಯರು: ಹಚ್ಚಬಾರದು. ಎಣ್ಣೆ ಹಿಡಿದ ಪುಕ್ಕ ದೇಹದ ಶಾಖವನ್ನು ಕಾಯುವುದಿಲ್ಲ. ಪುಕ್ಕ ಕೀಳುವುದಕ್ಕೆ ಬೇಸರವೂ ಕಾರಣ, ವೈರಸ್ಸೂ ಕಾರಣ. ಹಕ್ಕಿಯನ್ನು ತೋರಿಸಿ.

ಸದಸ್ಯ, ಸೇಡಂ: ನನ್ನ ಪರಿಚಿತರೊಬ್ಬರು ಹಸಿರು ಗಿಳಿಯ ಮರಿ ಕೊಡುತ್ತೇನೆಂದಿದ್ದಾರೆ. ಮೆಣಸಿನಕಾಯಿ ತಿನ್ನಿಸಿದರೆ ಬೇಗ ಮಾತು ಬರುತ್ತದೆಯಂತೆ, ನಿಜವೇ? ಮರಿ ಗಂಡೋ ಹೆಣ್ಣೋ ತಿಳಿಯುವುದು ಹೇಗೆ?

ಪಶುವೈದ್ಯರು: ಮೆಣಸಿನಕಾಯಿಗೂ ಮಾತಿಗೂ ಸಂಬಂಧವಿಲ್ಲ. ಹಕ್ಕಿಗಳಿಗೆ ಖಾರದ ಉರಿಯೇ ತಿಳಿಯುವುದಿಲ್ಲ. ಮರಿಯನ್ನು ಕೊಳ್ಳಬೇಡಿ, ನಮ್ಮ ಕಾಡು-ಹೊಲಗಳ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಸದಸ್ಯ, ಸೇಡಂ: ನಮ್ಮ ಅಜ್ಜಿ ಜೀವಮಾನವಿಡೀ ಸಾಕಿದ್ದರು. ಆಗ ಯಾವ ಕಾಯ್ದೆಯೂ ಅಡ್ಡ ಬರಲಿಲ್ಲ. ವಿದೇಶಿ ಗಿಳಿ ಕೊಳ್ಳುವ ಶ್ರೀಮಂತರಿಗೆ ಮಾತ್ರ ಅನುಮತಿಯೋ?

ಸದಸ್ಯೆ, ಯಾದಗಿರಿ: ಶ್ರೀಮಂತರ ಮಾತು ಬಿಡಿರಿ. ಗೂಡಿನಿಂದ ಮರಿ ಕಿತ್ತು ತರುವವನಿಗೆ ಹಣ ಕೊಡುವವರು ನೀವೇ ಅಲ್ಲವೇ? ಆಕಾಶದಲ್ಲಿ ಹಾರುವುದನ್ನು ಪಂಜರದಲ್ಲಿಟ್ಟು ಪ್ರೀತಿ ಎನ್ನುತ್ತೀರಿ. ಈ ಅಕ್ಕನವರೂ ತಮ್ಮ ಗಿಳಿಯನ್ನು ಹಾರಿಬಿಡಲಿ.

ಸದಸ್ಯ, ಸೇಡಂ: ತಾವು ಕೋಳಿ ತಿನ್ನುವುದಿಲ್ಲವೇ, ಮೇಡಂ?

ಸದಸ್ಯೆ, ಯಾದಗಿರಿ: ವಿಷಯ ತಪ್ಪಿಸಬೇಡಿ.

ಪಶುವೈದ್ಯರು: ಇಬ್ಬರೂ ನಿಲ್ಲಿಸಿ. ಕೈಯಲ್ಲಿ ಬೆಳೆದ ಬೂದು ಗಿಳಿಯನ್ನು ಕಲಬುರಗಿಯ ಬಿಸಿಲಿಗೆ ಹಾರಿಬಿಟ್ಟರೆ ಅದಕ್ಕೆ ಅನ್ನ ನೀರು ಹುಡುಕಲು ತಿಳಿಯದು, ಕಾಗೆ ಹದ್ದುಗಳು ಬಿಡವು. ಇನ್ನು ಅನುಮತಿಯ ಮಾತು: ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದಲ್ಲಿ ಬೂದು ಗಿಳಿ 2017ರಿಂದ ಅತಿ ಕಟ್ಟುನಿಟ್ಟಿನ ಮೊದಲನೆಯ ಅನುಬಂಧದಲ್ಲಿದೆ. ಸಾಕುವವರು ನೋಂದಣಿ ಮಾಡಿಸಬೇಕೆಂದು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯೂ 2024ರ ನಿಯಮಗಳೂ ಹೇಳುತ್ತವೆ, ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿದೆ. ಶ್ರೀಮಂತರಿಗೂ ವಿನಾಯಿತಿ ಇಲ್ಲ.

ಸದಸ್ಯ, ಚಿತ್ತಾಪುರ: ಸರ್, ಅಲೆಕ್ಸ್ ಎಂಬ ಬೂದು ಗಿಳಿಗೆ ಬಣ್ಣ, ಆಕಾರ, ಎಣಿಕೆ ತಿಳಿದಿತ್ತಂತೆ. ನಮ್ಮದಕ್ಕೂ ಕಲಿಸಬಹುದೇ?

ಪಶುವೈದ್ಯರು: ನಿಜ. ಅಮೆರಿಕದ ವಿಜ್ಞಾನಿ ಐರೀನ್ ಪೆಪರ್‌ಬರ್ಗ್ 1977ರಿಂದ ಅದು ಸತ್ತ 2007ರವರೆಗೆ ಕಲಿಸಿದರು. ಕಲಿಸುವಷ್ಟು ಹೊತ್ತು ನಿಮಗಿದ್ದರೆ ಕಲಿಸಿ. ಅಷ್ಟು ಬುದ್ಧಿಯ ಹಕ್ಕಿಯನ್ನು ಇಡೀ ದಿನ ಒಂಟಿಯಾಗಿ ಬಿಟ್ಟರೆ ಆಳಂದದವರ ಪ್ರಶ್ನೆಯೇ ನಿಮ್ಮದೂ ಆಗುತ್ತದೆ.

ಸದಸ್ಯೆ, ಕಲಬುರಗಿ: ಬೀದರ್‌ಗೆ ಬೆಳಿಗ್ಗೆ ಹೊರಡುತ್ತಿದ್ದೇವೆ ಸಾಹೇಬರೇ. ಪಂಜರ ಅಗ್ಗದ ತಂತಿಯದು. ಒಂದು ಮೂಲೆಯಲ್ಲಿ ಲೇಪ ಕಿತ್ತುಹೋಗಿ ಅದರ ಕೊಕ್ಕಿನ ಗುರುತುಗಳಿವೆ.

ಪಶುವೈದ್ಯರು: ಇದನ್ನು ಅಲ್ಲಿನ ವೈದ್ಯರಿಗೆ ಮೊದಲು ಹೇಳಿ, ಫೋಟೋ ತೋರಿಸಿ. ಹಕ್ಕಿಯನ್ನು ಆ ಪಂಜರದಲ್ಲಿ ಒಯ್ಯಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿ ಸಾಕು. ಇಂದಿನ ಹಿಕ್ಕೆಯನ್ನು ಕಾಗದದಲ್ಲಿ ಹಿಡಿದು ಜೊತೆಗೆ ಒಯ್ಯಿರಿ. ಹೊತ್ತೇರುವ ಮೊದಲೇ ಹೊರಡಿ, ಕಾರಿನಲ್ಲಿ ಕೊಕ್ಕು ತೆರೆದು ಏದುಸಿರು ಬಿಟ್ಟರೆ ನಿಲ್ಲಿಸಿ ತಂಪು ಮಾಡಿ.

ಸದಸ್ಯ, ವಾಡಿ: ಸರ್, ನಮ್ಮ ಗಿಳಿ ಸೂರ್ಯಕಾಂತಿ ಬೀಜ ಮಾತ್ರ ತಿನ್ನುತ್ತದೆ. ಏನಾದರೂ ತೊಂದರೆಯೇ?

ಪಶುವೈದ್ಯರು: ಮೇಲೆ ಓದಿ.